ಹಸಿರು ಶಾಯಿಯ ಹದಿನೆಂಟು ಗುರುತುಗಳು

"ಬಾಗ್ಲಾ ತೆಗೀರಿ... ಒಳಗ ಯಾರರ ಅದೀರೇನು? ಜಲ್ದಿ ತೆಗೀರಿ."

ಬಾಗಿಲು ಮುರಿದೇ ಹೋಗುವಂತೆ ಬಡಿತ. ಸಿಂಚನಾ ಬೆಚ್ಚಿ ತಲೆ ಎತ್ತಿದಳು. ಕೋಣೆಯೆಲ್ಲ ಮಬ್ಬಾಗಿತ್ತು. ಮೋಡ ಕವಿದಿದೆಯಾ? ಇಲ್ಲ... ಗಂಟಲು ಉರಿಯುತ್ತಿದೆ. ಇದು ಹೊಗೆ.

ಓಡಿ ಚಿಲಕ ತೆಗೆದಳು. ಅವಳು ಎಂದೂ ಕಂಡಿರದ ಎತ್ತರದ ಗಂಡಸೊಬ್ಬ ಅವಳನ್ನು ದಾಟಿಕೊಂಡು ನೇರವಾಗಿ ಅಡುಗೆಮನೆಗೆ ನುಗ್ಗಿದ. ಗ್ಯಾಸ್ ಆರಿಸಿದ. ಕರಟಿ ಕಪ್ಪಾದ ಹಾಲಿನ ಪಾತ್ರೆಯನ್ನು ಕರವಸ್ತ್ರದಲ್ಲಿ ಹಿಡಿದು ಸಿಂಕಿಗೆ ಹಾಕಿ ನಲ್ಲಿ ಬಿಟ್ಟ. ಆಮೇಲೆ ಕಿಟಕಿಗಳನ್ನೆಲ್ಲ ತೆರೆದು, ನೀರು ತುಂಬಿದ ಕಣ್ಣುಗಳಿಂದ ಅವಳತ್ತ ತಿರುಗಿದ.

"ಹಾಲು ಒಲೀ ಮ್ಯಾಲೆ ಇಟ್ಟು ಎಲ್ಲಿ ಹೋಗಿದ್ರಿ?"

"ಎಲ್ಲೂ ಹೋಗಿಲ್ಲ..." ಅವಳ ದನಿ ಸಣ್ಣಗಾಯಿತು. "ಇಲ್ಲೇ ಇದ್ದೆ."

ಅವನು ಒಲೆಯಿಂದ ಅವಳ ಮಂಚದವರೆಗೆ ನೋಡಿದ. ಹೆಚ್ಚೆಂದರೆ ಆರು ಹೆಜ್ಜೆ. ಮಂಚದ ಮೇಲೆ ಗೋಡೆ ಗಡಿಯಾರವೊಂದು ಬಿಚ್ಚಿಕೊಂಡು ಬಿದ್ದಿತ್ತು. ಸೆಲ್ ಬದಲಿಸಲು ಹೋದವಳು ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡುತ್ತಾ ಕೂತಿದ್ದಳು. ನಿಮಿಷದ ಮುಳ್ಳು ಇನ್ನೂ ಅವಳ ಕೈಯಲ್ಲೇ ಇತ್ತು.

ಈಗ ಬೈಗುಳ ಬರುತ್ತದೆ ಎಂದು ಅವಳು ಕಾದಳು. ಅಭ್ಯಾಸವಿತ್ತು. ಅಪ್ಪ, ಟೀಚರು, ಹಾಸ್ಟೆಲ್ ವಾರ್ಡನ್ನು, ಎಲ್ಲರದ್ದೂ ಒಂದೇ ಪಲ್ಲವಿ: 'ಗ್ಯಾನ ಎಲ್ಲಿಟ್ಟಿದ್ದೆ?'

"ಕೈ ಸುಟ್ಟಿಲ್ಲಲ್ರಿ?" ಅಂದ ಅವನು.

ಅಷ್ಟೇ. ಮತ್ತೇನೂ ಕೇಳದೆ ಮೆಟ್ಟಿಲಿಳಿದು ಹೋದ. ಹೋಗುವಾಗ ಅವನದೇ ಹೆಬ್ಬೆರಳು ಕೆಂಪಾಗಿದ್ದನ್ನು ಅವಳು ನೋಡಿದಳು. ಬೈಯದೇ ಹೋದವನನ್ನು ಏನೆಂದು ತಿಳಿಯಬೇಕೋ ಆಕೆಗೆ ಗೊತ್ತಾಗಲಿಲ್ಲ. ಅವಳ ಗೊಂದಲ ಅಂದೇ ಶುರುವಾಯಿತು.

ಅವನು ವಿಶ್ವಜಿತ್. ಕೋಠಿಯ ಪುಸ್ತಕದಂಗಡಿಗಳ ಹಿಂದಿನ ಗಲ್ಲಿಯಲ್ಲಿರುವ ಆ ಹಳೆಯ ಮನೆಯ ಒಡತಿ ತುಳಸಾಬಾಯಿಯ ಮೊಮ್ಮಗ. ಅವರ ಹಿರಿಯರು ನಿಜಾಮರ ಕಾಲದಲ್ಲಿ ಕಲಬುರಗಿ ಕಡೆಯಿಂದ ಕಚೇರಿ ಕೆಲಸಕ್ಕೆಂದು ಬಂದು ಹೈದರಾಬಾದಿನವರೇ ಆಗಿಬಿಟ್ಟವರು. ತಾತ ಸರ್ಕಾರಿ ನೌಕರ, ಅಪ್ಪ ಸರ್ಕಾರಿ ನೌಕರ, ವಿಶ್ವಜಿತ್ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್. ಹಸಿರು ಶಾಯಿಯಲ್ಲಿ ಸಹಿ ಹಾಕುವ ಅಧಿಕಾರಿ. ಜೇಬಿನಲ್ಲಿ ಸದಾ ಆ ಪೆನ್ನು.

ಸಿಂಚನಾ ಮೈಸೂರಿನವಳು. ಇಪ್ಪತ್ತೊಂಬತ್ತು ವರ್ಷ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ತುಳಸಾಬಾಯಿಯ ಮಹಡಿಮನೆಗೆ ಬಾಡಿಗೆಗೆ ಬಂದು ಅಂದಿಗೆ ನಾಲ್ಕೇ ದಿನವಾಗಿತ್ತು.

ಹಾಲು ಸೀದದ್ದು ಜೂನ್‌ನಲ್ಲಿ. ಅಲ್ಲಿಂದ ಫೆಬ್ರುವರಿಯವರೆಗೆ ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಪ್ರೀತಿ ಎಂಬ ಪದವನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇನಿದೆ? ಅವಳು ಬಾಗಿಲಲ್ಲೇ ಬಿಟ್ಟುಹೋದ ಬೀಗದ ಕೈಯನ್ನು ಅವನು ತಂದುಕೊಡುತ್ತಿದ್ದ. ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾ ಕಾಲುವೆ, ತೂಬು, ಅಪ್ಪ, ಆಫೀಸು ಅಂತ ಮಾತಾಡುತ್ತಿದ್ದ. ಅವಳು ಕೇಳುತ್ತಿದ್ದಳು, ನಡುವೆ ಎಲ್ಲೋ ಹೋಗಿಬಿಡುತ್ತಿದ್ದಳು, ಮತ್ತೆ ವಾಪಸ್ಸು ಬಂದಾಗ ಅವನು ಅಲ್ಲೇ ಕಾಯುತ್ತಿದ್ದ. ತುಳಸಾಬಾಯಿಗೆ ಎಲ್ಲ ತಿಳಿದಿತ್ತು. ತಿಳಿಯದವರ ಹಾಗೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

ಹೀಗೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಸಿಂಚನಾಳ ಕೆಲಸ ಅಂಥದ್ದು. ಮಾತ್ರೆಗಳ ಒಂದೊಂದು ತಯಾರಿಗೂ ನೂರಿಪ್ಪತ್ತು ಪುಟದ ದಾಖಲೆ ಇರುತ್ತದೆ. ಪುಟ ಪುಟ ಓದಿ, ಸರಿಯಿದೆ ಎಂದು ಸಹಿ ಹಾಕಬೇಕು. ಜನವರಿಯಲ್ಲಿ ಒಂದು ಪುಟವನ್ನು ಅವಳ ಕಣ್ಣು ನೋಡಿತ್ತು, ತಲೆ ನೋಡಿರಲಿಲ್ಲ. ಫೆಬ್ರುವರಿಯಲ್ಲಿ ಮತ್ತೊಂದು. ಯಾರಿಗೂ ಏನೂ ಆಗಲಿಲ್ಲ, ಮೇಲಧಿಕಾರಿ ಗೋಪಿನಾಥ್ ಮಾತ್ರೆಗಳು ಹೊರಹೋಗುವ ಮೊದಲೇ ಹಿಡಿದುಬಿಟ್ಟರು.

"ಕೂರ್ಚೋ ಅಮ್ಮಾ," ಎಂದು ಕುರ್ಚಿ ತೋರಿಸಿದರು ಅವರು. ಕಾರ್ಖಾನೆಯಲ್ಲಿ ಅವರು ಅವಳ ಜೊತೆ ಅರ್ಧ ತೆಲುಗು, ಅರ್ಧ ತಮಗೆ ಬಂದ ಕನ್ನಡ ಆಡುತ್ತಿದ್ದರು. "ನೀನು ಬುದ್ಧಿವಂತೆ. ಯಾರಿಗೂ ಸಿಗದ ತಪ್ಪು ನಿನಗೆ ಸಿಗುತ್ತೆ. ಎದುರಿಗಿರೋದು ಮಾತ್ರ ತಪ್ಪಿಹೋಗುತ್ತೆ. ನನ್ನ ತಮ್ಮನೂ ಹೀಗೇ. ಒಂದ್ಸಲ ಡಾಕ್ಟರಿಗೆ ತೋರಿಸು. ಅವರು ಇಂಥದ್ದು ಇದೆ ಅಂತ ಬರೆದುಕೊಟ್ಟರೆ ನಿನ್ನನ್ನ ಬೇರೆ ವಿಭಾಗಕ್ಕೆ ಹಾಕಿಸ್ತೀನಿ. ಮಾರ್ಚ್ ಕೊನೆಯ ಒಳಗೆ ಬೇಕು. ಇಲ್ಲದಿದ್ದರೆ... ನನ್ನ ಕೈಲಿಲ್ಲಮ್ಮಾ."

ಕೆಲಸ ಹೋದರೆ ಮೈಸೂರು. ಮೈಸೂರೆಂದರೆ ಕೋಠಿ ಇಲ್ಲ, ಮಹಡಿಮನೆ ಇಲ್ಲ... ವಿಶ್ವಜಿತ್ ಇಲ್ಲ.

ಗಚ್ಚಿಬೌಲಿಯ ಕ್ಲಿನಿಕ್ಕಿನ ಡಾಕ್ಟರ್ ಭವಾನಿ ಬೆಂಗಳೂರಿನವರು. ಎರಡು ಗಂಟೆ ಅವಳ ಮಾತು ಕೇಳಿದರು. ಗಮನ ಒಂದೆಡೆ ನಿಲ್ಲದ ತೊಂದರೆ, ಎಡಿಎಚ್‌ಡಿ ಇರಬಹುದು, ಇಲ್ಲದಿರಲೂಬಹುದು, ನೋಡೋಣ ಅಂದರು.

"ಮೂರು ಕಡೆಯಿಂದ ನೋಡ್ತೀವಿ. ನಿಮ್ಮ ಮಾತು ಒಂದು. ಕಂಪ್ಯೂಟರ್ ಪರೀಕ್ಷೆ ಒಂದು, ಅದನ್ನ ನಿಮ್ಮ ಮನೆಯಲ್ಲೇ, ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದು. ಇನ್ನೊಂದು, ನಿಮ್ಮನ್ನ ಹತ್ತಿರದಿಂದ ಬಲ್ಲವರು ತುಂಬೋ ಫಾರಂ. ಚಿಕ್ಕಂದಿನದ್ದಕ್ಕೆ ನಿಮ್ಮ ತಾಯಿ ಸಾಕು. ಈಗಿನದ್ದಕ್ಕೆ, ಕನಿಷ್ಠ ಆರು ತಿಂಗಳು ನಿಮ್ಮನ್ನ ದಿನಾ ನೋಡಿದವರು ಬೇಕು. ಅಂಥವರು ಇದ್ದಾರಾ?"

"ಇದ್ದಾರೆ," ಅಂದಳು. ಹೇಳಿದ ಮೇಲೆ ಕೆನ್ನೆ ಬಿಸಿಯಾಯಿತು.

ಅಂದು ಸಂಜೆ ಮೆಟ್ಟಿಲ ಮೇಲೆ ಆ ಕಾಗದವನ್ನು ಅವನ ಕೈಗಿಟ್ಟಳು. ಹದಿನೆಂಟು ಪ್ರಶ್ನೆ. ಪ್ರತಿಯೊಂದಕ್ಕೂ 'ಎಂದೂ ಇಲ್ಲ'ದಿಂದ 'ತುಂಬಾ ಸಲ'ದವರೆಗೆ ನಾಲ್ಕು ಚೌಕ.

"ನಿಜ ಬರೀಬೇಕು," ಎಂದಳು. "ನಾನು ನೋಡಲ್ಲ. ಲಕೋಟೆ ಅಂಟಿಸಿ ನೀವೇ ಕ್ಲಿನಿಕ್ಕಿಗೆ ಕಳಿಸಿ."

ಅವನು ಮೊದಲ ಸಾಲು ಓದಿದ. ಮುಖ ಯಾಕೋ ಕಪ್ಪಿಟ್ಟಿತು. "ಇದು ಪರ್ಮನೆಂಟ್ ರೆಕಾರ್ಡಿಗೆ ಹೋಗತೈತೇನ್ರಿ?"

"ಹೂಂ, ಫೈಲಿಗೆ ಹೋಗುತ್ತೆ. ಯಾಕೆ?"

"ಏನಿಲ್ರಿ," ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ಇಪ್ಪತ್ತು ನಿಮಿಷ. ಪರದೆಯ ಮೇಲೆ ಬಣ್ಣದ ಆಕೃತಿಗಳು ಒಂದೊಂದಾಗಿ ಬರುತ್ತವೆ. ಈಗ ಬಂದದ್ದು ಹಿಂದಿನದರಂತೆಯೇ ಇದ್ದರೆ ಗುಂಡಿ ಒತ್ತಬೇಕು, ಬೇರೆಯಾಗಿದ್ದರೆ ಒತ್ತಬಾರದು. ತಲೆ ಎಷ್ಟು ಅಲುಗಾಡುತ್ತದೆಂದು ಕ್ಯಾಮೆರಾ ನೋಡುತ್ತಿರುತ್ತದೆ. ಕೇಳಿದರೆ ಮಕ್ಕಳಾಟ. ಆಡಿದವರಿಗೇ ಗೊತ್ತು.

ಕೋಣೆ ಶಾಂತವಾಗಿರಬೇಕು ಎಂದು ಸೂಚನೆಯಲ್ಲಿತ್ತು. ಕೋಠಿಯ ಗಲ್ಲಿಯಲ್ಲಿ ಶಾಂತಿಯೇ? ವಿಶ್ವಜಿತ್ ಎಂಟು ಗಂಟೆಗೇ ಕೆಳಗಿಳಿದು ಕಾರ್ಯಾಚರಣೆ ಶುರುಮಾಡಿದ್ದ. ತುಳಸಾಬಾಯಿಯ ಮಿಕ್ಸರ್ ಬಂದ್. ಕುಕ್ಕರ್ ಬಂದ್. ಗಲ್ಲಿಯ ತುದಿಯಲ್ಲಿ ರದ್ದಿಯವನನ್ನು ಹಿಡಿದು, "ಭಯ್ಯಾ, ಆಧಾ ಘಂಟಾ ಚಿಲ್ಲಾವೋ ನಕ್ಕೋ," ಎಂದು ಅರ್ಧ ಗಂಟೆ ಕೂಗದಿರಲು ಬೇಡಿಕೊಳ್ಳುತ್ತಿದ್ದುದು ಅವಳಿಗೆ ಕಿಟಕಿಯಿಂದ ಕೇಳಿಸಿತು. ಆಮೇಲೆ ಬಂದು ಅವಳ ಬಾಗಿಲಾಚೆ ಮೆಟ್ಟಿಲ ಮೇಲೆ ಕಾವಲು ಕೂತ.

ಮೊದಲ ಹತ್ತು ನಿಮಿಷ ಚೆನ್ನಾಗಿ ಹೋಯಿತು. ಕೆಂಪು ವೃತ್ತ, ನೀಲಿ ಚೌಕ, ನೀಲಿ ಚೌಕ... ಒತ್ತು. ಆಮೇಲೆ ನೀಲಿ ಬಣ್ಣ ಯಾರದೋ ಸೀರೆಯನ್ನು ನೆನಪಿಸಿತು. ಅಮ್ಮನದು. ಗೌರಿ ಹಬ್ಬದ್ದು. ಆ ಸೀರೆ ಈಗ ಎಲ್ಲಿದೆ? ಛೆ, ಒಂದು ತಪ್ಪಿಹೋಯಿತು. ಎರಡು? ಕಾಲು ತಾನಾಗಿ ಅಲುಗುತ್ತಿತ್ತು. ಮುಗಿದಾಗ ಹಣೆ ಬೆವರಿತ್ತು. ಬಾಗಿಲು ತೆರೆದರೆ ಅವನು ಎದ್ದುನಿಂತ.

"ಹ್ಯಾಂಗ ಆತ್ರಿ?"

"ಗೊತ್ತಿಲ್ಲ... ಏನೂ ಗೊತ್ತಾಗ್ತಿಲ್ಲ."

"ಏನೂ ಆಗೂದಿಲ್ಲ, ಫಿಕರ್ ಮಾಡಬ್ಯಾಡ್ರಿ," ಅಂದ. ಆ ಮಾತಿಗೆ ಅಂದು ಅವಳಿಗೆ ಎಷ್ಟು ಸಮಾಧಾನವಾಗಿತ್ತು.

ಹತ್ತು ದಿನದ ನಂತರ ಡಾಕ್ಟರ್ ಭವಾನಿ ಮೂರು ವರದಿಗಳನ್ನು ಮುಂದಿಟ್ಟುಕೊಂಡು ಕನ್ನಡಕ ಒರೆಸುತ್ತಿದ್ದರು.

"ಸಿಂಚನಾ, ನೇರವಾಗಿ ಹೇಳ್ತೀನಿ. ನನಗೇ ಗೊಂದಲ ಆಗಿದೆ. ಕಂಪ್ಯೂಟರ್ ಪರೀಕ್ಷೆ ಅಂಚಿನಲ್ಲಿದೆ. ಮೊದಲರ್ಧ ಚೆನ್ನಾಗಿದೆ, ಎರಡನೇ ಅರ್ಧ ಕುಸಿದಿದೆ. ಆದರೆ ಆ ಪರೀಕ್ಷೆಯೊಂದನ್ನೇ ನಂಬಿ ಹೌದು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಅದು ಒಂದು ಸಾಕ್ಷಿ, ತೀರ್ಪಲ್ಲ. ನೀವು ಹೇಳಿದ್ದು, ನಿಮ್ಮ ತಾಯಿ ಹೇಳಿದ್ದು ಹೊಂದುತ್ತೆ. ಈ ಫಾರಂ ಮಾತ್ರ... ಇದು ಬೇರೆ ಯಾರದೋ ಬಗ್ಗೆ ಬರೆದ ಹಾಗಿದೆ. ಇದು ಹೊಂದದೆ ಕಾರ್ಖಾನೆಗೆ ಪತ್ರ ಕೊಡೋಕಾಗಲ್ಲ."

"ನಾನು ನೋಡಬಹುದಾ?"

"ಬರೆದವರನ್ನ ಫೋನ್ ಮಾಡಿ ಕೇಳಿದೆ. ತೋರಿಸಿ ಅಂದ್ರು."

ಹದಿನೆಂಟು ಪ್ರಶ್ನೆ. ಹದಿನೆಂಟು ಹಸಿರು ಗುರುತು. ಎಲ್ಲವೂ ಮೊದಲ ಚೌಕದಲ್ಲಿ, ಒಂದರ ಕೆಳಗೊಂದು, ಗೆರೆ ಎಳೆದಷ್ಟು ನೇರ.

ವಸ್ತುಗಳನ್ನು ಕಳೆದುಕೊಳ್ಳುತ್ತಾರೆಯೇ? ಎಂದೂ ಇಲ್ಲ. ಕೆಲಸವನ್ನು ಅರ್ಧಕ್ಕೆ ಬಿಡುತ್ತಾರೆಯೇ? ಎಂದೂ ಇಲ್ಲ. ಎದುರಿನವರು ಮಾತಾಡುವಾಗ ಗಮನ ಬೇರೆಡೆ ಹೋಗುತ್ತದೆಯೇ? ಎಂದೂ ಇಲ್ಲ.

ಅವಳು ಮತ್ತೆ ಮತ್ತೆ ಓದಿದಳು. ಉರಿಯುವ ಒಲೆ ಆರಿಸಿದವನು ಇವನೇ ತಾನೆ? ಕೀಲಿ ತಂದುಕೊಟ್ಟವನು ಇವನೇ ತಾನೆ? ಹಾಗಾದರೆ ಇದನ್ನು ಬರೆದವನು ಯಾರು?

ಮೆಟ್ರೋದಲ್ಲಿ ಮನೆಗೆ ಬರುವಷ್ಟರಲ್ಲಿ ತಲೆಯೊಳಗೆ ಹತ್ತು ವಿಶ್ವಜಿತ್‌ಗಳಾಗಿದ್ದರು. ಒಬ್ಬನು ಫಾರಂ ಓದದೆಯೇ ಗೀಚಿ ಎಸೆದಿದ್ದ. ಒಬ್ಬನು ಅವಳ ಮಾತನ್ನೇ ನಂಬಿರಲಿಲ್ಲ. ಒಬ್ಬನು ಎಂಟು ತಿಂಗಳೂ ಅವಳನ್ನು ನೋಡುತ್ತಿದ್ದಂತೆ ನಟಿಸಿ ನಿಜಕ್ಕೂ ನೋಡಿಯೇ ಇರಲಿಲ್ಲ. ಆ ಕೊನೆಯವನೇ ಹೆಚ್ಚು ನೋಯಿಸಿದ. ನಡುವೆ ಇಳಿಯಬೇಕಾದ ನಿಲ್ದಾಣವೂ ದಾಟಿಹೋಯಿತು. ಯಾರಿಗಾದರೂ ಆಗಬಹುದಾದದ್ದೇ. ಆದರೆ ಅವಳಿಗೆ ಅದೂ ಅವನ ತಪ್ಪೇ ಎನಿಸಿತು.

ಅವನು ಮೆಟ್ಟಿಲ ಬಳಿ ಚಹಾ ಹಿಡಿದು ನಿಂತಿದ್ದ.

"ಯಾಕೆ ಹಾಗೆ ಬರೆದ್ರಿ?"

ಅವನು ಲೋಟ ಕೆಳಗಿಟ್ಟ. "ನಿಮ್ಮ ಬಗ್ಗೆ ಮತ್ತ ಏನ್ ಬರೀಲ್ರಿ? ನಿಮಗ ಏನೂ ಆಗಿಲ್ಲ. ನೀವು ಆರಾಮ ಅದೀರಿ."

"ಏನೂ ಆಗಿಲ್ವಾ?"

"ಏನೂ ಆಗಿಲ್ರಿ."

ಸಿಂಚನಾಳ ಕಣ್ಣು ತುಂಬಿತು. "ನಿಮಗೆ ಗೊತ್ತಾ ವಿಶ್ವಜಿತ್, ಈ ಮಾತು ನಾನು ಎಷ್ಟು ಸಲ ಕೇಳಿದ್ದೀನಿ ಅಂತ? ನಿನಗೇನೂ ಆಗಿಲ್ಲ, ಸೋಮಾರಿತನ ಅಷ್ಟೇ. ನಿನಗೇನೂ ಆಗಿಲ್ಲ, ಕೊಬ್ಬು ಅಷ್ಟೇ. ಏನೋ ಇದೆ ಅಂತಾದ್ರೆ ಇಷ್ಟು ವರ್ಷ ಬೈಸಿಕೊಂಡಿದ್ದು ನನ್ನ ತಪ್ಪಲ್ಲ ಅಂತಾಗುತ್ತೆ. ಏನೂ ಇಲ್ಲ ಅಂದ್ರೆ ಅವರು ಹೇಳಿದ್ದೆಲ್ಲ ನಿಜ. ನೀವೂ ಅವರ ಕಡೆಗೇ ಸಹಿ ಹಾಕಿಬಿಟ್ರಿ."

"ಹಂಗಲ್ರಿ..."

"ಹೇಗೆ ಮತ್ತೆ? ಹೇಳಿ."

ಅವನು ಜೇಬಿನ ಪೆನ್ನಿನ ಮುಚ್ಚಳ ತಿರುವುತ್ತಾ ನಿಂತ. ಅವಳು ಒಂದು ನಿಮಿಷ ಕಾದಳು, ಎರಡು ನಿಮಿಷ ಕಾದಳು. ಆಮೇಲೆ ಮೆಟ್ಟಿಲೇರಿ ಬಾಗಿಲು ಹಾಕಿಕೊಂಡಳು.

ಮಾರ್ಚ್ ಇಪ್ಪತ್ತಾರರ ಬೆಳಿಗ್ಗೆ ಅವಳು ಪೆಟ್ಟಿಗೆ ತುಂಬುತ್ತಿದ್ದಳು. ತುಂಬುವುದೂ ಅವಳಂತೆಯೇ. ಮೂರು ಪೆಟ್ಟಿಗೆಯೂ ಬಾಯಿ ತೆರೆದುಕೊಂಡಿದ್ದವು, ಒಂದೂ ತುಂಬಿರಲಿಲ್ಲ. ತುಳಸಾಬಾಯಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಮಂಚದ ಮೇಲೆ ಕೂತಳು.

"ಹೊಂಟಿಯೇನವಾ?"

"ಹೂಂ ಅಜ್ಜಿ. ನಾಡಿದ್ದು ರೈಲು."

"ಹೋಗಬ್ಯಾಡ ಅಂತ ಹೇಳಾಕ ನಾ ಯಾರು. ಆದ್ರ ಅಂವಾ ಎರಡು ದಿವಸದಿಂದ ಊಟ ಬಿಟ್ಟು ಬರಿಯಾಕತ್ತಾನ. ಬರೀತಾನ, ಹರೀತಾನ. ಅವರಪ್ಪನ ಮ್ಯಾಲೇ ಹೋಗ್ಯಾನ ನೋಡು. ಮನಸಿನ್ಯಾಗ ಇದ್ದದ್ದು ಹೊರಗ ಬರಬೇಕಾದ್ರ ಬೆಳಕು ಹರಿದು ಹೋಗತೈತಿ."

"ಏನು ಬರೀತಿದ್ದಾರೆ?"

"ನನಗೇನ್ ಗೊತ್ತು. ಇವತ್ತ ನಸುಕಿನ್ಯಾಗೇ ಕಾಗದಾ ಹಿಡಕೊಂಡು ಎಲ್ಲೋ ಹೋದಾ. ಕನ್ನಡಕ ಎಲ್ಲಿಟ್ಟೀನೋ ಕಾಣವಲ್ದು." ಕನ್ನಡಕ ಅವಳ ತಲೆಯ ಮೇಲೇ ಇತ್ತು. ಸಿಂಚನಾ ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

ಅಷ್ಟರಲ್ಲಿ ಫೋನ್ ಬಂತು. ಡಾಕ್ಟರ್ ಭವಾನಿ.

"ಸಿಂಚನಾ, ಈಗಲೇ ಬರೋಕಾಗುತ್ತಾ? ನಿಮ್ಮ ಫಾರಂ ತುಂಬಿದವರು ಕ್ಲಿನಿಕ್ ಬಾಗಿಲು ತೆಗೆಯೋ ಮೊದಲೇ ಬಂದು ನಿಂತಿದ್ರು. ಮೊದಲು ಬರೆದದ್ದು ಸುಳ್ಳು, ಹೊಸದಾಗಿ ತುಂಬಿದ್ದೀನಿ ಅಂತಾರೆ. ನಿಮ್ಮ ಒಪ್ಪಿಗೆ ಇಲ್ಲದೆ ನಾನು ತಗೊಳ್ಳಲ್ಲ."

ಕ್ಯಾಬು ಗಚ್ಚಿಬೌಲಿಯ ದಟ್ಟಣೆಯಲ್ಲಿ ಮುಕ್ಕಾಲು ಗಂಟೆ ತೆವಳಿತು. ಸಿಟ್ಟು ಇನ್ನೂ ಇತ್ತು. ಸಿಟ್ಟಿನ ಪಕ್ಕದಲ್ಲೇ ಇನ್ನೇನೋ ಕೂತಿತ್ತು. ಎರಡರಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೋ ತಿಳಿಯದೆ ಕಿಟಕಿಯಾಚೆ ನೋಡಿದಳು.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಅವನು ಕೂತಿದ್ದ. ಗಡ್ಡ ಬೆಳೆದಿತ್ತು. ಎದ್ದು ನಿಂತ, ಏನೋ ಹೇಳಲು ಹೋದ. ಅವಳು ತಲೆ ತಗ್ಗಿಸಿ ಒಳಗೆ ಹೋದಳು.

"ಓದಿ," ಎಂದರು ಡಾಕ್ಟರ್, ಕಾಗದಗಳನ್ನು ಮುಂದೆ ಸರಿಸಿ. "ನಿಮ್ಮ ವಿಷಯ. ಮೊದಲು ನೀವು ಓದಿ."

ಅದೇ ಹದಿನೆಂಟು ಪ್ರಶ್ನೆ. ಗುರುತುಗಳು ಈ ಸಲ ಚೌಕದಿಂದ ಚೌಕಕ್ಕೆ ಅಡ್ಡಾದಿಡ್ಡಿಯಾಗಿ ಹರಡಿದ್ದವು. ಅದರ ಜೊತೆ ನಾಲ್ಕು ಹಾಳೆ ಕೈಬರಹ. ಅವನು ಕನ್ನಡವನ್ನು ಶಾಲೆಯಲ್ಲಿ ಕಲಿತವನಲ್ಲ, ಅಜ್ಜಿಯ ಹತ್ತಿರ ಕಲಿತವನು. ಮಾತಾಡಿದಂತೆಯೇ ಬರೆದಿದ್ದ.

'ಸಾಮಾನು ಕಳಕೊಳ್ಳೂದು: ಭಾಳ ಸಲ. ಕೀಲಿ ಬಾಗಲಕ್ಕ ಬಿಟ್ಟದ್ದು ನಾ ನೋಡಿದ್ದು ಹನ್ನೊಂದು ಸಲ. ಆಫೀಸಿನಿಂದ ಬಂದ ಕೂಡ್ಲೆ ಮ್ಯಾಲ ಹೋಗಿ ಬಾಗಲಾ ನೋಡೂದು ನನಗ ರೂಢಿ ಆಗೇತಿ.

ಕೆಲಸ ಅರ್ಧಕ್ಕ ಬಿಡೂದು: ಹೌದು. ಅಜ್ಜಿಗೆ ಸ್ವೆಟರ್ ಹೆಣೀತೀನಿ ಅಂತ ಒಂದು ತೋಳು ಹೆಣದಾರ. ಅಜ್ಜಿ ಅದನ್ನ ಥಂಡಿಯೊಳಗ ಮೊಣಕಾಲಿಗೆ ಹಾಕ್ಕೋತಾಳ.

ಮಾತಾಡೂಮುಂದ ಲಕ್ಷ್ಯ ಬ್ಯಾರೆ ಕಡೆ ಹೋಗೂದು: ಹೌದು. ನಮ್ಮಪ್ಪ ತೀರಿಕೊಂಡ ಸುದ್ದಿ ಮೂರು ಸಲ ಹೇಳೀನಿ. ಎರಡು ಸಲ ನಡುವ ಎಲ್ಲೋ ಹೋಗಿದ್ರು. ಮೂರನೇ ಸಲ ಪೂರಾ ಕೇಳಿದ್ರು. ಕೇಳಿ ನನಗಿಂತ ಜಾಸ್ತಿ ಅತ್ತರು.

ನಡುವ ಬಾಯಿ ಹಾಕೂದು: ಹೌದು. ತಪ್ಪಾತು ಅಂತ ಗೊತ್ತಾದ ಮ್ಯಾಲ ಇಡೀ ದಿವಸ ನೊಂದುಕೋತಾರ. ಫಾರ್ಮಿನಾಗ ಇದನ್ನ ಕೇಳಿಲ್ಲ. ಆದ್ರೂ ಬರದೀನಿ.'

ಕೊನೆಯ ಹಾಳೆಯಲ್ಲಿ ಪ್ರಶ್ನೆಯೇ ಇರಲಿಲ್ಲ.

'ಡಾಕ್ಟರ್ ಮೇಡಂ, ಇವರು ಲಕ್ಷ್ಯ ಇಲ್ಲದ ಮನಷ್ಯಾ ಅಲ್ಲ. ಲಕ್ಷ್ಯ ಇಡಾಕ ದಿನಾ ಎಷ್ಟು ಬಡದಾಡ್ತಾರ ಅನ್ನೂದು ನಾ ನೋಡೀನಿ. ಸಂಜಿಗೆ ಮನಿಗೆ ಬಂದಾಗ ಗುದ್ದಾಡಿ ಬಂದವರ ಹಂಗ ದಣದಿರತಾರ. ಮೊದಲ ಬರದದ್ದು ನನ್ನ ಹೆದರಿಕಿ. ಇದು ಖರೆ.'

ಅಕ್ಷರಗಳು ಕಲಸಿಹೋದವು. ಸಿಂಚನಾ ಅಂಗೈಯಿಂದ ಕಣ್ಣೊರೆಸಿಕೊಂಡಳು. ನೋಡಿದ್ದಾನೆ... ಎಲ್ಲವನ್ನೂ ನೋಡಿದ್ದಾನೆ. ಅವಳಿಗೇ ಗೊತ್ತಿರದ ಹನ್ನೊಂದನೇ ಕೀಲಿಯನ್ನೂ.

"ಇದನ್ನ ತಗೋಬಹುದಾ?" ಕೇಳಿದರು ಡಾಕ್ಟರ್.

"ತಗೊಳ್ಳಿ."

ಭವಾನಿ ಮತ್ತೂ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು, ಹಳೆಯ ಟಿಪ್ಪಣಿ ತಿರುವಿದರು, ಕಂಪ್ಯೂಟರಿನ ಗೆರೆಗಳನ್ನು ಮತ್ತೊಮ್ಮೆ ನೋಡಿದರು. ಕೊನೆಗೆ ಪೆನ್ನು ಕೆಳಗಿಟ್ಟರು.

"ಈಗ ಎಲ್ಲ ಒಂದೇ ಕಡೆ ಕೈತೋರಿಸ್ತಿದೆ. ನಿಮಗೆ ಎಡಿಎಚ್‌ಡಿ ಇದೆ, ಸಿಂಚನಾ. ಚಿಕ್ಕಂದಿನಿಂದ ಇದೆ. ಇದು ಸೋಮಾರಿತನ ಅಲ್ಲ, ಕೊಬ್ಬೂ ಅಲ್ಲ. ಇದಕ್ಕೆ ದಾರಿಗಳಿವೆ, ಮುಂದಿನ ವಾರ ಕೂತು ಮಾತಾಡೋಣ. ಕಾರ್ಖಾನೆಗೆ ಪತ್ರ ಇವತ್ತೇ ಕೊಡ್ತೀನಿ."

ರೋಗವಿದೆ ಎಂದಾಗ ಯಾರಾದರೂ ಹೀಗೆ ಹಗುರಾಗುತ್ತಾರೆಯೇ? ಅವಳು ಅಳುತ್ತಿದ್ದಳು, ನಗುತ್ತಿದ್ದಳು, ಡಾಕ್ಟರ್ ಟಿಶ್ಯೂ ಡಬ್ಬಿಯನ್ನೇ ಅವಳತ್ತ ತಳ್ಳಿದರು.

"ಒಂದು ತೊಂದರೆ," ಎಂದರು ಆಮೇಲೆ. "ಫಾರಂನ ಕೊನೆಯಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದಾರೆ. ತುಂಬಿ ಅಂದ್ರೆ, ಅದು ನನ್ನೊಬ್ಬನ ಕೈಲಾಗಲ್ಲ, ಅವರನ್ನ ಕೇಳಬೇಕು ಅಂತಾರೆ. ಖಾಲಿ ಇದ್ದರೆ ಫೈಲಿಗೆ ಹಾಕೋಕಾಗಲ್ಲ. ಹೊರಗೆ ಹೋಗಿ ಇಬ್ಬರೂ ಮುಗಿಸಿಕೊಂಡು ಬನ್ನಿ."

ಅವನು ಕೂತಲ್ಲೇ ಕೂತಿದ್ದ. ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು.

"ಇದೆಯಂತೆ," ಅಂದಳು.

"ಹ್ಞಾಂ," ಅಂದ. ಉಸಿರು ಬಿಟ್ಟ. "ನನ್ನ ಮ್ಯಾಲ ಸಿಟ್ಟು ಐತೇನ್ರಿ?"

"ಇತ್ತು. ಈಗ ಗೊತ್ತಾಗ್ತಿಲ್ಲ. ಹೆದರಿಕೆ ಅಂತ ಬರೆದಿದ್ದೀರಲ್ಲ, ಯಾವ ಹೆದರಿಕೆ?"

ಅವನು ಬೆರಳು ಹೆಣೆದುಕೊಂಡ. "ನಮ್ಮಪ್ಪ ಸೂರ್ಯನಾರಾಯಣ ಆಫೀಸಿನಾಗ ಕೈಕೆಳಗಿನವರ ಮ್ಯಾಲ ವರ್ಷಕ್ಕೊಮ್ಮೆ ಗೋಪ್ಯ ವರದಿ ಬರೀತಿದ್ರು. ಈಗ ನಾ ಬರೀತೀನಿ, ಹಂಗ. ತಾಯಪ್ಪ ಅಂತ ಒಬ್ಬ ಗುಮಾಸ್ತ ಇದ್ದ. ಒಂದು ವರ್ಷ ಅಪ್ಪ ಅಂವನ ಮ್ಯಾಲ ಒಂದೇ ಸಾಲು ಬರದ್ರು, 'ಕೆಲಸದಲ್ಲಿ ಲಕ್ಷ್ಯ ಸಾಲದು' ಅಂತ. ಅಷ್ಟಕ್ಕ ಅಂವನ ಬಡ್ತಿ ಹನ್ನೆರಡು ವರ್ಷ ನಿಂತು ಹೋತ್ರಿ."

"ಅಯ್ಯೋ..."

"ಬರದವ್ರು ಯಾರು ಅಂತ ಅಂವಗ ಗೊತ್ತಿರಲಿಲ್ಲ. ಪ್ರತಿ ದೀಪಾವಳಿಗೆ ನಮ್ಮನಿಗೇ ಬರ್ತಿದ್ದ. 'ಸಾಹೇಬ್ರ, ನಂದು ಎಲ್ಲಿ ನಿಂತೈತಿ, ಜರಾ ನೋಡ್ರಿ' ಅಂತ ಅಪ್ಪನ್ನ ಕೇಳ್ತಿದ್ದ. ಅಂವಾ ಹೋದ ಮ್ಯಾಲ ಅಪ್ಪಗ ಹೋಳಿಗಿ ಗಂಟಲಾಗ ಇಳೀತಿರಲಿಲ್ಲ. ಸಾಯೂಮುಂದ ನನ್ನ ಕೈ ಹಿಡದು ಹೇಳಿದ್ರು, 'ಯಾರ ಕೊರತೀನೂ ನಿನ್ನ ಕೈಯಿಂದ ಕಾಗದಕ್ಕ ಇಳಸಬ್ಯಾಡ' ಅಂತ. ನೀವು ಆ ಫಾರಂ ಕೊಟ್ಟು, ಫೈಲಿಗೆ ಹೋಗತೈತಿ ಅಂದ್ರಿ. ಮೊದಲ ಪ್ರಶ್ನೆದಾಗೇ 'ಲಕ್ಷ್ಯ' ಅಂತಿತ್ತು. ನನಗ ತಾಯಪ್ಪನೇ ಕಂಡ. ನಾಳೆ ಯಾರರ ಅದನ್ನ ತೆಗದು ನಿಮ್ಮನ್ನ ಹೊರಗ ಹಾಕಿದ್ರ... ನನ್ನ ಕೈಲೆ ನಿಮ್ಮ ಮ್ಯಾಲ ಆ ಸಾಲು ಹ್ಯಾಂಗ ಬರೀಲ್ರಿ?"

ಸಿಂಚನಾಳಿಗೆ ಈಗ ಎಲ್ಲ ಅರ್ಥವಾಯಿತು. ಅವಳನ್ನು ಕಾಪಾಡುತ್ತೇನೆಂದು ಕಾಗದದಲ್ಲಿ ಅವಳನ್ನೇ ಅಳಿಸಿಬಿಟ್ಟಿದ್ದ ಪುಣ್ಯಾತ್ಮ. ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

"ಅಪ್ಪನಿಗೆ ಕೊಟ್ಟ ಮಾತು ಮುರಿದ್ರಲ್ಲ."

"ಮುರದೆ. ಮೆಟ್ಲ ಮ್ಯಾಲ ನೀವು ಅತ್ತದ್ದು ನೋಡಿದ ಮ್ಯಾಲ ಆ ಮಾತು ಇಟ್ಕೊಂಡು ಏನ್ ಮಾಡ್ಲಿ."

ಅವಳು ಫಾರಂ ತಿರುವಿ ಕೊನೆಯ ಸಾಲು ಹುಡುಕಿದಳು. 'ಈ ವ್ಯಕ್ತಿಯೊಂದಿಗೆ ನಿಮ್ಮ ಸಂಬಂಧ'. ಮುಂದೆ ಖಾಲಿ ಗೆರೆ.

"ಹೋದ ಸಲ ಮನಿ ಮಾಲಕರ ಮೊಮ್ಮಗ ಅಂತ ಬರದಿದ್ದೆ," ಅಂದ ಅವನು. ಕಿವಿ ಕೆಂಪಾಗಿದ್ದವು. "ಅದೂ ಸುಳ್ಳೇ. ಈ ಸಲ ಬರಿಯೂಕಿಂತ ಮೊದಲ ನಿಮಗೊಂದು ಮಾತು ಕೇಳಬೇಕ್ರಿ. ಎರಡು ದಿವಸದಿಂದ ಮಾತು ಜೋಡಿಸಾಕತ್ತೀನಿ. ಪೂರಾ ಕೇಳ್ರಿ. ನೀವು ಮ್ಯಾಲಿನ ಮನಿಗೆ ಬಂದ ದಿವಸದಿಂದ ನಾನು..."

ಅವಳು ಅವನ ಜೇಬಿನಿಂದ ಪೆನ್ನು ಎಳೆದುಕೊಂಡು, ಫಾರಂ ಮೊಣಕಾಲ ಮೇಲಿಟ್ಟು, ಆ ಗೆರೆಯ ಮೇಲೆ ಸರಸರನೆ ಬರೆದು ಕಾಗದವನ್ನು ಅವನತ್ತ ತಿರುಗಿಸಿದಳು.

'ನನ್ನನ್ನು ಮದುವೆಯಾಗುವವರು.'

ಅವನು ಒಮ್ಮೆ ಓದಿದ. ಮತ್ತೊಮ್ಮೆ ಓದಿದ.

"ನಾ ಇನ್ನಾ ಕೇಳೇ ಇಲ್ಲಲ್ರಿ," ಅಂದ. "ಒಂದು ಪುಟದಷ್ಟು ಮಾತು ಬಾಯಿಪಾಠ ಮಾಡಿದ್ದೆ."

"ಹೇಳಿ. ಈಗ ಪೂರ್ತಿ ಕೇಳ್ತೀನಿ."

"ಈಗ ಒಂದೂ ನೆನಪಿಗೆ ಬರವಲ್ದು."

ಸಿಂಚನಾ ನಕ್ಕಳು. ನಗುತ್ತಲೇ ಅವನ ಕೈ ಹಿಡಿದುಕೊಂಡಳು. ಅವನ ಬೆರಳುಗಳಿಗೆಲ್ಲ ಹಸಿರು ಶಾಯಿ ಹತ್ತಿತ್ತು.

ಒಳಗಿನಿಂದ ಕ್ಲಿನಿಕ್ಕಿನ ಹುಡುಗಿ ಇಣುಕಿ, ಮುಗಿಯಿತೇ ಎಂದು ತೆಲುಗಿನಲ್ಲಿ ಕೇಳಿದಳು. "ಮೇಡಂ, ಫಾರಂ ಅಯಿಪೋಯಿಂದಾ?"

"ಅಯಿಪೋಯಿಂದಿ," ಎಂದ ವಿಶ್ವಜಿತ್, ಎದ್ದೇಳದೆ, ಕೈ ಬಿಡದೆ. ಆಮೇಲೆ ಅವಳತ್ತ ಬಾಗಿ ಮೆಲ್ಲಗೆ ಕೇಳಿದ. "ನಾಡಿದ್ದಿನ ರೈಲು?"

"ಯಾವ ರೈಲು?" ಅಂದಳು ಸಿಂಚನಾ. ನಿಜಕ್ಕೂ ಮರೆತುಹೋಗಿತ್ತು.